ಹಸಿದ ಮುಖದ ಶಾಟ್

ಪಾಲಯ್ಯನ ಕೈಗೆ ಮಂಡಕ್ಕಿ ಪ್ಲೇಟು ಬಂದೇಬಿಟ್ಟಿತು. ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಎದುರಿನ ಬೇಕರಿಯಲ್ಲಿ, ಬನ್ನಿನ ಟ್ರೇಗಳ ಹಿಂದೆ ಕ್ಯಾಮೆರಾ ಬಚ್ಚಿಟ್ಟುಕೊಂಡು ಶೂಟ್ ಮಾಡುತ್ತಿದ್ದ ಬಿಂದು ಹಣೆ ಚಚ್ಚಿಕೊಂಡಳು. ಆತ ಹಸಿದಿರಬೇಕಿತ್ತು. ಇಡೀ ಕಿರುಚಿತ್ರ ಮುಗಿದು ಉಳಿದಿದ್ದು ಇದೊಂದೇ ಶಾಟ್: ಕೆಲಸ ಸಿಗದ ಹಮಾಲಿಯೊಬ್ಬ ಮಂಡಕ್ಕಿ ಅಂಗಡಿ ಮುಂದೆ ಕೂತು ತಿನ್ನುವವರ ಪ್ಲೇಟುಗಳನ್ನೇ ನೋಡುತ್ತಿದ್ದಾನೆ, ಊರು ಆತನ ಕಡೆ ತಿರುಗಿಯೂ ನೋಡುತ್ತಿಲ್ಲ. ಕತ್ತಲಾಗುವುದರೊಳಗೆ ಇದು ಸಿಗದಿದ್ದರೆ ಸ್ಪರ್ಧೆಗೆ ಕಳಿಸುವಂತಿಲ್ಲ, ಇವತ್ತೇ ಕೊನೇ ದಿನ, ಕಾಲೇಜಿನಲ್ಲೂ ಅವಳಿಗೆ ಇದೇ ಕೊನೇ ವರ್ಷ. ಅವಳು ಆಟೋಗಳ ನಡುವೆ ನುಗ್ಗಿ ರಸ್ತೆ ದಾಟಿದಳು.

"ಪಾಲಯ್ಯಣ್ಣ, ಯಾಕ್ರಿ ಇಸ್ಕಂಡ್ರಿ?"

"ನಾನೇನ್ ಕೇಳ್ಲಿಲ್ಲಮ್ಮ. ನೀನ್ ಹೇಳ್ದಂಗೆ ಪ್ಲೇಟೇ ನೋಡ್ತಾ ಕುಂತಿದ್ದೆ. ಪಕ್ಕದಾಗೆ ತಿಂತಿದ್ದ ಆಯಪ್ಪನೇ ಕೊಟ್ಟ." ಪಾಲಯ್ಯನ ಬಾಯಲ್ಲಿ ಅರ್ಧ ಮಿರ್ಚಿ ಬಜ್ಜಿ ಇತ್ತು. "ಕೊಟ್ಟಿದ್ದನ್ನ ಬ್ಯಾಡ ಅನ್ನಕ್ಕಾಗ್ತೈತಾ?"

ಪಾಲಯ್ಯ ನಿಜವಾದ ಹಮಾಲಿ, ದಿನಾ ಲಾರಿಗೆ ಮೆಕ್ಕೆಜೋಳದ ಮೂಟೆ ಹೇರುವವನು. ಅದಕ್ಕೇ ಬಿಂದು ಆತನನ್ನು ಆರಿಸಿದ್ದು. ಇಟಲಿಯ ನವವಾಸ್ತವವಾದಿ ಸಿನಿಮಾಗಳನ್ನು ಒಂದರ ಹಿಂದೊಂದು ನೋಡಿ ಅವಳಿಗೆ ಹುಚ್ಚು ಹಿಡಿದಿತ್ತು. ಬೆಳಿಗ್ಗೆ ಆತನನ್ನು ಎದುರು ಕೂರಿಸಿಕೊಂಡು ಉಸಿರು ಬಿಡದೆ ಹೇಳಿದ್ದಳು: ಯುದ್ಧ ಮುಗಿದು ಬರಿಗೈಯಾದ ದೇಶ, ಸ್ಟುಡಿಯೋ ಇಲ್ಲ, ಮೇಕಪ್ ಇಲ್ಲ, ಬೀದಿಯೇ ಸೆಟ್ಟು, ಕೂಲಿಯವನ ಪಾತ್ರಕ್ಕೆ ಕೂಲಿಯವನೇ, ಅವನ ಕಷ್ಟ ಇದ್ದದ್ದು ಇದ್ದ ಹಾಗೇ.

"ಅಷ್ಟ್ ಜನ ಓಡಾಡ್ತಾರಲ್ಲ, ಬಾರಪ್ಪ ಉಣ್ಣಾಣ ಅಂತ ಒಬ್ರೂ ಕರೆಯಲ್ವಾ?" ಎಂದು ಪಾಲಯ್ಯ ಕೇಳಿದ್ದ.

"ಕರೆಯಲ್ಲ. ಅದೇ ಅದ್ರಲ್ಲಿರೋ ದುಃಖ."

"ಎಂಥಾ ಊರಮ್ಮ ಅದು," ಎಂದವನು, ಶಾಟ್ ಚೆನ್ನಾಗಿ ಬರಲೆಂದು ಬೆಳಗಿನ ರೊಟ್ಟಿಯನ್ನೂ ಬಿಟ್ಟು ಬಂದಿದ್ದ.

ಎರಡನೇ ಸಲ ಅವಳು ಆತನನ್ನು ಸ್ವಲ್ಪ ದೂರಕ್ಕೆ, ಬೇವಿನ ಮರದ ಬುಡಕ್ಕೆ ಸರಿಸಿ ಕೂರಿಸಿದಳು. ಆತ ನೋಡಿದ. ಬಿಳಿ ಅಂಗಿಯವನೊಬ್ಬ ಬಾಯಿಗೆ ಹೋಗುತ್ತಿದ್ದ ಮಿರ್ಚಿಯನ್ನು ಅಲ್ಲೇ ನಿಲ್ಲಿಸಿ, "ಏನಪ್ಪ, ಹಂಗ್ ನೋಡ್ಬ್ಯಾಡ, ರಾತ್ರಿ ನಂಗ್ ಹೊಟ್ಟೆನೋವು ಬರ್ತೈತೆ. ತಗ, ಮೊದ್ಲು ನೀನ್ ತಿನ್ನು," ಎಂದು ಪ್ಲೇಟು ಹಿಡಿದುಕೊಂಡು ಮರದ ಬುಡಕ್ಕೇ ಬಂದ. ಆಗ ಬಿಂದುಗೆ ಹೊಳೆಯಿತು. ತನ್ನ ತುತ್ತಿನ ಮೇಲೆ ಇನ್ನೊಬ್ಬರ ಕಣ್ಣು ಬಿದ್ದರೆ ಈ ಊರಿನಲ್ಲಿ ಯಾರೂ ನುಂಗುವುದಿಲ್ಲ. ದೃಷ್ಟಿಯಾಗುತ್ತದೆ. ನೋಡಿದವರಿಗೆ ಪಾಲು ಕೊಟ್ಟ ಮೇಲೇ ಉಳಿದದ್ದು ಮೈಗೆ ಹತ್ತುವುದು. ಅವಳೋ, ಬೀದಿಯ ಎಲ್ಲ ಪ್ಲೇಟುಗಳ ಮೇಲೂ ಕಣ್ಣು ಹಾಕಲು ಒಬ್ಬ ಮನುಷ್ಯನನ್ನು ತಾನೇ ತಂದು ಕೂರಿಸಿದ್ದಳು.

ಆಮೇಲೆ ಬಂದವರೂ ಅದನ್ನೇ ಮಾಡಿದರು. ಬಸ್ಸಿಗೆ ಕಾಯುತ್ತಿದ್ದ ಮುದುಕಿ ಗಂಟು ಬಿಚ್ಚಿ ಚಕ್ಕುಲಿ ಕೊಟ್ಟಳು. ಕಂಡಕ್ಟರೊಬ್ಬ ಓಡುತ್ತ ಬಂದು ಅರ್ಧ ಬಾಳೆಹಣ್ಣು ತುರುಕಿ ಓಡಿದ. ಬಿಂದುಗೆ ತಡೆಯಲಾಗಲಿಲ್ಲ. ಮತ್ತೆ ರಸ್ತೆ ದಾಟಿ ಅಂಗಡಿ ಮುಂದೆ ನಿಂತು ಕೈ ಮುಗಿದಳು. "ದಯವಿಟ್ಟು ಇವ್ರಿಗೆ ಯಾರೂ ತಿನ್ನಕ್ಕೆ ಕೊಡಬೇಡ್ರಿ."

ಮಂಡಕ್ಕಿ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಅಂಗಡಿಯ ಹೊನ್ನಕ್ಕ ಎಣ್ಣೆ ಸೋರುವ ಜಾಲರಿ ಸೌಟನ್ನು ಹಿಡಿದುಕೊಂಡೇ ಈಚೆ ಬಂದಳು.

"ಯಾರ ಮಗಳಮ್ಮ ನೀನು? ಹಸ್ದೋನಿಗೆ ಕೊಡಬ್ಯಾಡ ಅಂತೀಯ?"

"ಸಿನಿಮಾ ತೆಗೀತಿದೀನಿ ಹೊನ್ನಕ್ಕ. ಬಡವರ ಕಷ್ಟ ತೋರಿಸೋ ಸಿನಿಮಾ. ಇಟಲಿ ಥರ."

"ಕಷ್ಟ ತೋರ್ಸಕ್ಕೆ ಆಯಪ್ಪನ್ನ ಉಪವಾಸ ಕೆಡವ್ತೀಯ? ಇಟಲಿಯಾಗೆ ಏನಾರ ಮಾಡ್ಕಳ್ಳಿ, ನನ್ನ ಅಂಗ್ಡಿ ಮುಂದೆ ಆಗಲ್ಲ." ಹಿಂದಿನಿಂದ ಯಾರೋ, "ನೋಡಕ್ಕೆ ಓದಿರೋ ಹುಡುಗಿ ಥರ ಅವ್ಳೆ," ಎಂದರು. ಅಲ್ಲಿಂದ ಮುಂದೆ ಪಾಲಯ್ಯನಿಗೆ ಪ್ಲೇಟುಗಳು ಹಟಕ್ಕೆ ಬಿದ್ದು ಬಂದವು.

ಬಿಸಿಲು ಹಳದಿಯಾಗಿ ಬಸ್ಸುಗಳ ತಲೆಯ ಮೇಲೆ ಹೋಗಿ ಕೂತಿತು. ಪಾಲಯ್ಯ ಸೊಂಟಕ್ಕೆ ಬಿಗಿದಿದ್ದ ಟವಲು ಸಡಿಲಿಸಿ, "ಇನ್ನೊಂದ್ ಸಲ ಮಾಡಾಣಮ್ಮ, ಈ ಸಲ ಹಸ್ಕಂತೀನಿ," ಎಂದು ಪ್ರಾಮಾಣಿಕವಾಗಿ ಹೇಳಿ ಗಟ್ಟಿಯಾಗಿ ತೇಗಿದ. ಬಿಂದು ರಸ್ತೆ ದಾಟಿ ಹೋಗಿ ಟ್ರೇಗಳ ಹಿಂದೆ ಕೂತಳು. ಅಳು ಬರುವ ಹಾಗಿತ್ತು. ಆದರೂ ಕ್ಯಾಮೆರಾ ಆನ್ ಮಾಡಿದಳು.

ಅಷ್ಟರಲ್ಲಿ ಹೊನ್ನಕ್ಕ ಗೋಪುರದ ಹಾಗೆ ಮಂಡಕ್ಕಿ ಪೇರಿಸಿ, ಸುತ್ತ ಬಿಸಿ ಮಿರ್ಚಿ ಚುಚ್ಚಿದ ಪ್ಲೇಟನ್ನು ಪಾಲಯ್ಯನ ಮುಂದೆ ಇಟ್ಟು, "ಒಂದ್ ಕಾಳು ಬಿಟ್ರೆ ನೋಡು," ಎಂದು ಹೋದಳು. ಪಾಲಯ್ಯ ಪ್ಲೇಟನ್ನು ನೋಡಿದ. ಆತನ ಹುಬ್ಬು ಗಂಟಾಯಿತು. ಕೆಳತುಟಿ ನಡುಗಿತು. ಗಂಟಲು ಒಂದು ಸಲ ಮೇಲೇರಿ ಇಳಿಯಿತು, ಕಣ್ಣು ತುಂಬಿ ಬಂತು, ಕೊನೆಗೆ ಆತ ದೇವರಿದ್ದಾನೋ ಇಲ್ಲವೋ ಎನ್ನುವಂತೆ ಆಕಾಶ ನೋಡಿದ. ಪಾಲು ಕೊಟ್ಟು ನಿಶ್ಚಿಂತರಾಗಿದ್ದ ಊರಿನವರು ಹಿಂದೆ ತಮ್ಮ ಪಾಡಿಗೆ ತಿನ್ನುತ್ತಿದ್ದರು, ಒಬ್ಬರೂ ಇತ್ತ ತಿರುಗಲಿಲ್ಲ. ಪ್ಲೇಟು ಬಾರದ ಹಾಗೆ ಫ್ರೇಮನ್ನು ಮೇಲಕ್ಕೆತ್ತಿದ ಬಿಂದು, ಉಸಿರು ಬಿಗಿಹಿಡಿದು ಅಷ್ಟನ್ನೂ ತೆಗೆದಳು.

ಅಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಶಾಟ್ ಸೇರಿಸಿ, ಹೊತ್ತು ಮುಳುಗುವುದರೊಳಗೆ ಸ್ಪರ್ಧೆಗೆ ಕಳಿಸಿಯೇ ಬಿಟ್ಟಳು. ಬೇಕರಿಯ ಗೋಡೆಗೆ ಒರಗಿ ಹೊಟ್ಟೆ ನೀವಿಕೊಳ್ಳುತ್ತಿದ್ದ ಪಾಲಯ್ಯನಿಗೂ ತೋರಿಸಿದಳು. ಆತ ಪರದೆಯ ಮೇಲಿನ ಮುಖವನ್ನು ತುಂಬ ಹೊತ್ತು ನೋಡಿದ. ಟವಲಿನಿಂದ ಕಣ್ಣೊರೆಸಿಕೊಂಡ.

"ಪಾಪ ಕಣಮ್ಮ," ಅಂದ. "ಹಿಂದ್ಗಡೆ ಅಷ್ಟ್ ಜನ ತಿಂತಾ ಅವ್ರೆ. ಆಯಪ್ಪಂಗೆ ಯಾರಾದ್ರೂ ಒಂದ್ ಪ್ಲೇಟ್ ಕೊಡಬಾರ್ದಾಗಿತ್ತಾ?"