ಹನ್ನೆರಡು ಖಾನೆಗಳ ಕೋಣೆ

"ಹೆದರಿಕೆ ಆದ್ರೆ ಸಂಕೋಚ ಪಟ್ಕೋಬೇಡಿ ಅತ್ತೆ. ಎಂಥೆಂಥ ಗಂಡಸರೋ ಈ ಕುರ್ಚೀಲಿ ಕೂತು ಕಿರುಚಿದ್ದಾರೆ," ಎನ್ನುತ್ತ ಸೊಸೆ ಅತ್ತೆಯ ಮಣಿಕಟ್ಟಿಗೆ ನಾಡಿ ಎಣಿಸುವ ಪಟ್ಟಿಯನ್ನು ಬಿಗಿದಳು. ಗೋಡೆಯ ದೊಡ್ಡ ಪರದೆಯ ಮೂಲೆಯಲ್ಲಿ ಎಪ್ಪತ್ತೆರಡು ಎಂದು ಮೂಡಿತು.

"ನಾನ್ಯಾಕೆ ಹೆದರ್ಲಿ? ಯಾವ ಗುಂಡಿ ಒತ್ತಿದ್ರೆ ನಡೆಯೋದು, ಅದು ಹೇಳು ಮೊದ್ಲು," ಎಂದ ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

ಸೊಸೆ ವಿಡಿಯೋ ಗೇಮ್ ಕಂಪನಿಯಲ್ಲಿ ದೆವ್ವದ ಕೋಣೆಗಳನ್ನು ಕಟ್ಟುವವಳು. ಪರದೆಯ ಮೇಲೆ ಬಂದೂಕು ಹಿಡಿದ ಎರಡು ಕೈ ಮಾತ್ರ ಕಾಣುತ್ತವೆ. ಆ ಕೈಗಳ ಹಿಂದಿನ ಮನುಷ್ಯ ಆಡುವವರೇ. ಆರು ತಿಂಗಳು ಅನ್ನ ನೀರು ಮರೆತು ಅವಳು ಕಟ್ಟಿದ್ದು ಒಂದು ಶವಾಗಾರ. ಅದನ್ನು ಆಟದಿಂದಲೇ ಕಿತ್ತುಹಾಕಲು ಹೊರಟವನು ಅವಳ ಮೇಲಧಿಕಾರಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ತುಂಡು ಮಾಡುವ ಚಾಳಿಗೆ ಆಫೀಸಿನವರು ಅವನಿಗೆ ಕತ್ತರಿ ಎಂದೇ ಹೆಸರಿಟ್ಟಿದ್ದರು. "ನಿನ್ನ ಹೆಣಗಳನ್ನ ನೋಡಿದ್ರೆ ಆಕಳಿಕೆ ಬರುತ್ತೆ" ಎಂದಿದ್ದ. ಸೊಸೆಗೆ ಮೈಯೆಲ್ಲ ಉರಿದುಹೋಯಿತು. "ನಮ್ಮತ್ತೆ ಮೂವತ್ತೊಂದು ವರ್ಷ ಆಸ್ಪತ್ರೆ ಶವಾಗಾರದಲ್ಲಿ ಅಟೆಂಡರ್ ಆಗಿದ್ದೋರು. ಅವರನ್ನೇ ಕೂರಿಸ್ತೀನಿ. ನಾಡಿ ನೂರಿಪ್ಪತ್ತು ದಾಟಿದ್ರೆ ಕೋಣೆ ಉಳೀಬೇಕು. ದಾಟ್ಲಿಲ್ವಾ, ನಾನೇ ಅಳಿಸಿ ಹಾಕ್ತೀನಿ," ಎಂದುಬಿಟ್ಟಿದ್ದಳು. ಧೈರ್ಯವೇನೋ ಮೆಚ್ಚತಕ್ಕದ್ದೇ. ಬುದ್ಧಿಯ ಮಾತು ಬೇರೆ.

"ಇಲ್ಲಿ ಹನ್ನೆರಡು ಖಾನೆ ಇವೆ ಅತ್ತೆ, ಒಂದೊಂದರಲ್ಲಿ ಒಂದೊಂದು ಹೆಣ. ಯಾವುದೋ ಒಂದರಲ್ಲಿ ಬೀಗದ ಕೈ ಇದೆ. ಅದನ್ನ ಹುಡುಕಿ ಬಾಗಿಲು ತೆಗೆದು ಹೊರಗೆ ಹೋಗ್ಬೇಕು. ಈ ಗುಂಡಿ ಒತ್ತಿದ್ರೆ ಖಾನೆ ತೆರೆಯುತ್ತೆ, ಇನ್ನೊಂದ್ಸಲ ಒತ್ತಿದ್ರೆ ಮುಚ್ಚುತ್ತೆ. ಇದು ಬಂದೂಕಿಗೆ."

"ಬಂದೂಕು ಯಾಕೆ?"

"ಹೆಣ ಎದ್ದು ಬಂದ್ರೆ ಬೇಕಲ್ಲ?"

"ಬರಲ್ಲ," ಎಂದರು ಅತ್ತೆ.

ಮೊದಲನೆಯ ಖಾನೆ ಕಿರುಗುಟ್ಟುತ್ತ ಹೊರಗೆ ಬಂತು. ನೀಲಿಗಟ್ಟಿದ ಮುಖ, ಅರೆತೆರೆದ ಕಣ್ಣು. ಅತ್ತೆ ಬಗ್ಗಿ ನೋಡಿದರು. "ಕಾಲಿಗೆ ಚೀಟಿ ಕಟ್ಟಿಲ್ಲ. ಬಟ್ಟೆ ಅರ್ಧಕ್ಕೆ ಹೊದಿಸಿದೀರಿ. ಯಾರೇ ನಿಮಗೆ ಕೆಲಸ ಕಲಿಸಿದ್ದು?" ಎಂದು ಗದರಿ, ಖಾನೆಯನ್ನು ಟಕ್ಕೆಂದು ಮುಚ್ಚಿದರು. ಎರಡನೆಯದನ್ನು ತೆರೆದರು, ನೋಡಿದರು, ಮುಚ್ಚಿದರು. ಮೂರನೆಯದೂ ಹಾಗೇ. "ತೆರೆದು ಬಿಡಬಾರದು, ತಂಪು ಹೋಗುತ್ತೆ" ಎಂದು ಬೇರೆ ಹೇಳಿದರು.

ಬೀಗದ ಕೈ ಸಿಕ್ಕ ಗಳಿಗೆಯಲ್ಲಿ ಹನ್ನೆರಡೂ ಹೆಣ ದೆವ್ವಗಳಾಗಿ ತೆರೆದ ಖಾನೆಗಳಿಂದ ಒಟ್ಟಿಗೆ ಎದ್ದು ಮೇಲೆ ಬೀಳುವುದೇ ಈ ಕೋಣೆಯ ಜೀವಾಳ. ಆರು ತಿಂಗಳಲ್ಲಿ ನೂರಾರು ಜನ ಆಡಿ ನೋಡಿದ್ದರು. ತೆರೆದ ಖಾನೆಯನ್ನು ಮುಚ್ಚಿದವರು ಒಬ್ಬರೂ ಇರಲಿಲ್ಲ. ಮುಚ್ಚಿದರೆ ದೆವ್ವ ಹೊರಗೆ ಬರುವುದಾದರೂ ಎಲ್ಲಿಂದ? ಮೂಲೆಯ ಅಂಕಿ ಎಪ್ಪತ್ತಕ್ಕೆ ಇಳಿದಿತ್ತು. ಹಿಂದೆ ನಿಂತಿದ್ದ ಕತ್ತರಿ ಕೇಳುವಂತೆ ಆಕಳಿಸಿದ. "ಅಳಿಸೋ ಗುಂಡಿ ಎಲ್ಲಿದೆ ಅಂತ ಗೊತ್ತಲ್ಲ?" ಎಂದ. ಹನ್ನೆರಡನೆಯದರಲ್ಲಿ ಬೀಗದ ಕೈ ಸಿಕ್ಕಿತು. ಅತ್ತೆ ಅದನ್ನೆತ್ತಿಕೊಂಡು, ಆ ಖಾನೆಯನ್ನೂ ಮುಚ್ಚಿ, ಒಂದು ಗುಂಡನ್ನೂ ಹಾರಿಸದೆ ಬಾಗಿಲಿನ ಕಡೆ ಹೊರಟರು.

ದಡ್. ದಡ್ ದಡ್.

ಎದುರಿಗೆ ಏನೇ ಅಡ್ಡ ಬಂದರೂ ದೆವ್ವ ಅದನ್ನು ಮುಷ್ಟಿಯಿಂದ ಬಡಿಯಬೇಕೆಂದು ಸೊಸೆ ಆಟದ ಪ್ರೋಗ್ರಾಮಿನಲ್ಲಿ ಎಂದೋ ಬರೆದಿಟ್ಟಿದ್ದಳು. ಈಗ ಅವಕ್ಕೆ ಅಡ್ಡವಾಗಿದ್ದು ಖಾನೆಯ ಮುಚ್ಚಳ. ಎಚ್ಚರಗೊಂಡ ಹನ್ನೆರಡೂ ಒಳಗಿನಿಂದ ಬಡಿಯತೊಡಗಿದವು. ಅತ್ತೆಯ ಹೆಬ್ಬೆರಳು ನಿಂತಲ್ಲೇ ನಿಂತಿತು.

"ಏನೇ ಅದು ಸದ್ದು?"

ತೊಂಬತ್ತು. ನೂರಾಹತ್ತು. ನೂರಾಮೂವತ್ತು. ಗೆದ್ದೆನೆಂದು ಕುಣಿಯಬೇಕಾದ ಸೊಸೆ ಅತ್ತೆಯ ಮುಖ ನೋಡಿ ಅಂಕಿಯನ್ನೇ ಮರೆತಳು. ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ಬದುಕಿದಾರೆ ಕಣೇ! ಒಳಗಡೆ ಬದುಕಿದಾರೆ! ನಾನೇ ಮುಚ್ಚಿಬಿಟ್ನಲ್ಲ!"

"ಅತ್ತೆ, ಅವು ದೆವ್ವ. ನಾನು ಬರೆದಿದ್ರಲ್ಲೇ ಏನೋ ತಪ್ಪಾಗಿದೆ. ಬಾಗಿಲು ತೆಗೆದು ಹೊರಗೆ ಹೋಗಿ, ನೀವು ಗೆದ್ರಿ!"

ಅತ್ತೆ ಬಾಗಿಲಿಗೆ ಬೆನ್ನು ಹಾಕಿದ್ದರು. ಒಂದು ಖಾನೆ ತೆರೆದರು. ದೆವ್ವ ಚಂಗನೆ ಎಗರಿ ಕುತ್ತಿಗೆಗೆ ಕೈ ಹಾಕಿತು. ಲೆಕ್ಕಿಸದೆ ಮುಂದಿನದನ್ನು ತೆರೆದರು. "ಗುಂಡು ಹಾರಿಸಿ ಅತ್ತೆ!" ಎಂದು ಸೊಸೆ ಕೂಗಿಕೊಂಡಳು.

"ಹಾರಿಸೋದಾ? ದಿನಾ ಸಂಜೆ ಬೀಗ ಹಾಕೋ ಮುಂಚೆ ಒಂದೊಂದು ಖಾನೆಗೂ ಕಿವಿ ಇಟ್ಟು ಕೇಳ್ತಿದ್ದೆ ಕಣೇ ನಾನು. ಮೂವತ್ತೊಂದು ವರ್ಷ, ಒಂದು ದಿನಾನೂ ತಪ್ಪಿಸಿಲ್ಲ. ಇವತ್ತು ಕೇಳದೇ ಹೊರಟೆ ನೋಡು," ಎನ್ನುತ್ತಲೇ ಅತ್ತೆ ಇನ್ನೊಂದನ್ನು ಎಳೆದರು. ಒಂಬತ್ತನೆಯದು ತೆರೆಯುವಷ್ಟರಲ್ಲಿ ಪರದೆ ಕೆಂಪಾಯಿತು. 'ನೀವು ಸತ್ತಿದ್ದೀರಿ' ಎಂಬ ದಪ್ಪ ಅಕ್ಷರಗಳು ಮೂಡಿದವು.

ಕತ್ತರಿ ಮುಂದೆ ಬಂದು ಮೂಲೆಯ ಅಂಕಿ ನೋಡಿದ. "ಕೋಣೆ ಇರಲಿ. ಆ ತಪ್ಪೂ ಹಾಗೇ ಇರಲಿ, ತಿದ್ದೋಕೆ ಹೋಗ್ಬೇಡ," ಎಂದ.

ಸೊಸೆ ಅತ್ತೆಯ ಭುಜ ಹಿಡಿದಳು. "ಸಾಕು ಅತ್ತೆ, ಏಳಿ. ಆಟ ಮುಗೀತು."

ಅತ್ತೆ ಅವಳ ಕೈಯನ್ನು ಸರಿಸಿ, ಪರದೆಯಿಂದ ಕಣ್ಣು ಕೀಳದೆ ಕೇಳಿದರು:

"ಮತ್ತೆ ಶುರುವಿಂದ ಆಡೋಕೆ ಯಾವ ಗುಂಡಿ? ಬೇಗ ಹೇಳು. ಇನ್ನೂ ಮೂರು ಜನ ಒಳಗಿದಾರೆ."