ಹದಿನಾಲ್ಕನೇ ನಡೆ

ಗಾರ್ಡ್ ಪ್ರೂಯಿಟ್ ಲಿಯಾಂಡರ್‌ನ ಕೋಣೆಯ ಊಟದ ಕಿಂಡಿಯೊಳಗೆ ಕೈ ತೂರಿಸಿ ಚದುರಂಗದ ಹಾಳೆಯನ್ನು ಎಳೆದುಕೊಂಡು ನಾಲ್ಕು ಚೂರು ಮಾಡಿದ. ಸೋಪಿನಲ್ಲಿ ಕೆತ್ತಿದ ಕಾಯಿಗಳು ನೆಲಕ್ಕೆ ಉರುಳಿದವು.

"ಮುಗೀತು ನಿಮ್ಮ ಫೈನಲ್. ಇನ್ನೊಂದು ನಂಬರು ಕೂಗಿದವನಿಗೆ ಇಲ್ಲೇ ಮೂವತ್ತು ದಿನ ಜಾಸ್ತಿ."

ಲಿಯಾಂಡರ್ ಗೀಡ್ರಿ ಒಂಟಿ ಸೆರೆಗೆ ಬಿದ್ದು ಏಳು ತಿಂಗಳಾಗಿತ್ತು. ಶುಕ್ರವಾರ ಅವನನ್ನು ಬ್ಯಾರಕ್ಕಿಗೆ ಕಳಿಸುವುದೆಂದು ಕಾಗದ ಬಂದಿತ್ತು. ಅಲ್ಲಿ ಮನುಷ್ಯರ ಮುಖ ಕಾಣುತ್ತದೆ, ಅಂಗಳದಲ್ಲಿ ಬಿಸಿಲು ಬೀಳುತ್ತದೆ. ಇವತ್ತು ಬುಧವಾರ.

ಅರವತ್ತನಾಲ್ಕು ಮನೆಗೆ ಅರವತ್ತನಾಲ್ಕು ಸಂಖ್ಯೆ. ಒಬ್ಬರ ಮುಖ ಒಬ್ಬರು ನೋಡದೆ, ಬಾಗಿಲಿನಿಂದ ಬಾಗಿಲಿಗೆ ಸಂಖ್ಯೆ ಕೂಗಿಕೊಂಡೇ ಹನ್ನೆರಡು ಕೋಣೆಯವರು ಆಡಿದ ಪಂದ್ಯದಲ್ಲಿ ಕೊನೆಗೆ ಉಳಿದವರು ಇಬ್ಬರು: ಅವನು ಮತ್ತು ಒಂಬತ್ತನೇ ಕೋಣೆಯ ತಿಯೋ. ಬಿಳಿ ಕಾಯಿ ತಿಯೋನದು. ಅವನು ಕಾಲಾಳನ್ನು ನಟ್ಟನಡುವೆ ತಂದು ನಿಲ್ಲಿಸಿದಾಗ ಲಿಯಾಂಡರ್ ಪಕ್ಕದ ಕಾಲಾಳನ್ನು ಮುಂದಿಟ್ಟು ಎದುರಿಸುವ ಸಿಸಿಲಿಯನ್ ಪಟ್ಟು ಹಿಡಿದಿದ್ದ. "ನೀನು ಎದೆ ಉಬ್ಬಿಸ್ಕೊಂಡು ಬಂದ್ರೆ ನಾನೂ ಎದುರಿಗೇ ಬಂದು ನಿಲ್ಬೇಕೇನೋ? ಪಕ್ಕೆಗೆ ತಿವೀತೀನಿ" ಎಂದಿದ್ದ.

"ಲಿಯಾಂಡರ್, ಡ್ರಾ ಅನ್ಕೊಳ್ಳೋಣ ಕಣೋ," ಎಂದ ತಿಯೋ ಈಗ. "ಶುಕ್ರವಾರ ಹೋಗಿ ಬಿಸಿಲು ಕಾಯಿಸ್ಕೋ."

"ಸೋಲೋ ಭಯ ಅಂತ ಹೇಳು."

"ನಿನ್ನ ತಲೆ! ಕನಿಕರಕ್ಕೆ ಹೇಳ್ದೆ."

"ಕನಿಕರ ಸರ್ಕಾರದೋರೇ ಬೇಕಾದಷ್ಟು ಕೊಟ್ಟಿದಾರೆ."

ಹಾಳೆ ಹರಿದರೇನು, ಏಳು ತಿಂಗಳು ಅವೇ ಮನೆಗಳನ್ನು ನೋಡಿದ ಕಣ್ಣು ಅದು. ಲಿಯಾಂಡರ್ ಕಿಂಡಿಗೆ ಬಾಯಿಟ್ಟ.

"ಐವತ್ತೊಂಬತ್ತರಿಂದ ಹತ್ತೊಂಬತ್ತು! ಆನೆ ಹೋದ್ರೆ ಹೋಗ್ಲಿ, ನಿನ್ನ ಕುದುರೆ ಕಡಿದೆ. ಬರ್ಕೊಳ್ಳಿ ಬಾಸ್, ನಂಬರು ತಪ್ಪಬಾರ್ದು."

ಪ್ರೂಯಿಟ್ ಬರೆದುಕೊಂಡ. "ಹೋಯ್ತು ನಿನ್ನ ಶುಕ್ರವಾರ." ಒಂಬತ್ತರ ಬಾಗಿಲನ್ನು ಬೂಟಿನಿಂದ ಒದ್ದ. "ನಿನಗೂ ಬೇಕೇನೋ?"

ಒಳಗೆ ಉಸಿರಿಲ್ಲ. ಇಡೀ ಸಾಲು ಕಿವಿಯಾಯಿತು.

ಪ್ರೂಯಿಟ್ ನಕ್ಕ. "ಕೇಳಿಸ್ತಾ ಗೀಡ್ರಿ? ಈ ಮೌನಕ್ಕೆ ಮೂವತ್ತು ದಿನ ತೆತ್ತೆ. ನಿನ್ನ ಗೆಳೆಯ ಸೋಲೊಪ್ಕೊಂಡ."

"ಯಾವೋನು ಒಪ್ಕೊಂಡಿದ್ದು?" ತಿಯೋ ಗುಡುಗಿದ. "ಯೋಚ್ನೆ ಮಾಡೋಕೂ ಬಿಡಲ್ವಾ? ಹತ್ತರಿಂದ ಹತ್ತೊಂಬತ್ತು! ಆನೆ ಕಡಿದೆ!"

ಪ್ರೂಯಿಟ್ ಅದನ್ನೂ ಬರೆದ. ಬರೆದ ಸಂಖ್ಯೆಗಳ ಮೇಲೆ ಮತ್ತೊಮ್ಮೆ ಕಣ್ಣಾಡಿಸಿದ. "ಎಷ್ಟನೇ ನಡೆ ಇದು?"

"ಹದಿನಾಲ್ಕು ಬಾಸ್," ಎಂದ ಲಿಯಾಂಡರ್. "ಸಿಸಿಲಿಯನ್‌ನಲ್ಲಿ ಜಗಳ ಶುರುವಾಗೋದೇ ಈಗ."