ಅಮ್ಮ ಆಡಿದ ನನ್ನ ಮನೆ

ಕೌಟುಂಬಿಕ ನ್ಯಾಯಾಲಯದಲ್ಲಿ ಈಗ ಬಾಯಿಮಾತಿನ ಸಾಕ್ಷಿ ನಡೆಯುವುದಿಲ್ಲ. ನಾವು ಬಾಳಿದ ಮನೆಯನ್ನು ನಮ್ಮ ನೆನಪಿನಿಂದ ತೆಗೆದು, ಕನ್ನಡಕ ತೊಟ್ಟು ಆಡುವ ಆಟ ಮಾಡಿಕೊಡುತ್ತಾರೆ. ತವರಿನವರೊಬ್ಬರು ಅದನ್ನು ಆಡಬೇಕು. ಅವರ ಭಯ ಮಾಪಕದಲ್ಲಿ ಐವತ್ತು ದಾಟಿದರೆ ಮಾತ್ರ ವಿಚ್ಛೇದನದ ಅರ್ಜಿ ಮುಂದಕ್ಕೆ.

ಅಪ್ಪ ಬರುವುದಿಲ್ಲವೆಂದರು. ಅಮ್ಮ ದೇವಸ್ಥಾನಕ್ಕೆಂದು ಹೇಳಿ ಬಂದಳು. ಮೂರು ಸಲ ನನ್ನನ್ನು ಗಂಡನ ಮನೆಗೆ ವಾಪಸು ಕಳಿಸಿದವಳು ಅವಳೇ. ಒಮ್ಮೆ ಆಡಿದರೆ ಅರ್ಥವಾದೀತು ಎಂದುಕೊಂಡಿದ್ದೆ.

ಗುಮಾಸ್ತ ಅವಳಿಗೆ ಕನ್ನಡಕ ತೊಡಿಸಿದ. ಪರದೆಯ ಮೇಲೆ ನನ್ನ ಅಡುಗೆಮನೆ ಕಂಡಿತು. ಹೊರಗೆ ಬೈಕ್ ನಿಂತ ಸದ್ದು. ನಿನ್ನೆ ಪರೀಕ್ಷೆಗೆಂದು ಆಡಿದ್ದ ಗುಮಾಸ್ತ ಇಲ್ಲೇ ಬೆವೆತು ಕನ್ನಡಕ ಕಿತ್ತುಹಾಕಿದ್ದ.

ಅಮ್ಮ ಬೆಚ್ಚಲಿಲ್ಲ. ಬಳೆಗಳು ಸದ್ದಾಗದಂತೆ ಮೊಣಕೈಯತ್ತ ಏರಿಸಿ ಬಿಗಿ ಮಾಡಿಕೊಂಡಳು. ಒಲೆ ಸಣ್ಣ ಮಾಡಿದಳು. "ಯಾರ ಜೊತೆ ಮಾತಾಡ್ತಿದ್ದೆ?" ಎಂದು ಆಟದೊಳಗಿನ ನನ್ನ ಗಂಡ ಮೆಲ್ಲಗೆ ಕೇಳಿದಾಗ ಗೋಡೆಗೆ ಬೆನ್ನು ಕೊಟ್ಟು ನಿಂತಳು. ನಾನು ನಿಲ್ಲುತ್ತಿದ್ದ ಜಾಗವೇ ಅದು. ಯಾರಿಗೂ ಹೇಳಿರಲಿಲ್ಲ.

"ಹನ್ನೆರಡು ದಾಟ್ಲೇ ಇಲ್ಲ ನೋಡಮ್ಮ," ಎಂದ ಗುಮಾಸ್ತ. "ಇವರಿಗೆ ಭಯಾನೇ ಆಗಿಲ್ಲ. ಅರ್ಜಿ ನಿಲ್ಲಲ್ಲ."

ಅಮ್ಮ ಕನ್ನಡಕ ತೆಗೆದು ಬಳೆ ಇಳಿಸಿಕೊಂಡಳು. "ಎಲ್ಲಾರ ಮನೇಲೂ ಇರೋದೇ ಅಲ್ವೇನೇ ಸುಗುಣಾ? ನಡಿ, ಬಸ್ಸು ತಪ್ಪುತ್ತೆ."

ದಾರಿಯುದ್ದಕ್ಕೂ ಅವಳು ನನಗೆ ಬುದ್ಧಿ ಹೇಳುತ್ತಲೇ ಬಂದಳು. ನಮ್ಮ ಬೀದಿಗೆ ತಿರುಗಿದೆವು. ಗೇಟಿನ ಬಳಿ ಅಪ್ಪನ ಸ್ಕೂಟರ್ ನಿಂತಿತ್ತು. ಅಮ್ಮ ಮಾತು ನಿಲ್ಲಿಸಿ, ಬಳೆಗಳನ್ನು ಮೊಣಕೈಯತ್ತ ಏರಿಸಿಕೊಂಡಳು.